ದಣಿವಿಗೆ ಅಂಕ ಕೊಡುವವರು ಯಾರು?

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಮತ್ತೆ ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು ರೂಢಿ ಮಾಡಿಸುವುದು ನನ್ನ ವೃತ್ತಿ. ನಮ್ಮ ವಿಭಾಗದಲ್ಲಿ ಟ್ರೆಡ್‌ಮಿಲ್‌ನ ಎದುರು ಗೋಡೆಗೆ ಒಂದು ಪಟ್ಟಿಯನ್ನು ತೂಗುಹಾಕಿದ್ದೇವೆ. ಅದರಲ್ಲಿ ಅಂಕಿಗಳು 6ರಿಂದ ಆರಂಭವಾಗಿ 20ಕ್ಕೆ ಮುಗಿಯುತ್ತವೆ. ನಡೆಯುತ್ತಿರುವವರು ಕೆಲವು ನಿಮಿಷಗಳಿಗೊಮ್ಮೆ ಆ ಪಟ್ಟಿಯನ್ನು ನೋಡಿ, ಆ ಗಳಿಗೆಯಲ್ಲಿ ತಮಗೆ ಎಷ್ಟು ದಣಿವಾಗುತ್ತಿದೆ ಎಂಬುದನ್ನು ಒಂದು ಅಂಕಿಯಲ್ಲಿ ಹೇಳಬೇಕು. ನಾವು ಬರೆದುಕೊಳ್ಳುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರು, ಶಾಲೆಯ ಮೇಷ್ಟ್ರುಗಳು ಮೊದಲ ದಿನವೇ ತಕರಾರು ತೆಗೆಯುತ್ತಾರೆ: ಸೊನ್ನೆಯಿಂದ ಏಕಿಲ್ಲ? ನೂರಕ್ಕೆ ಏಕೆ ಮುಗಿಯುವುದಿಲ್ಲ? ಈ 6 ಯಾವ ಲೆಕ್ಕ? ಉಳಿದವರು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಅರ್ಥವಾಗದ ಸಂಗತಿಗಳ ಸಾಲಿಗೆ ಇದೂ ಒಂದು ಸೇರಿತು ಎಂದುಕೊಂಡು ಸುಮ್ಮನಾಗುತ್ತಾರೆ.

ತಕರಾರು ನ್ಯಾಯವಾದದ್ದೇ. ಈ ಪಟ್ಟಿಯನ್ನು ರೂಪಿಸಿದವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್. 1927ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಬೋರ್ಗ್, ದೇಹಶ್ರಮ ಮತ್ತು ಶ್ರಮದ ಅನುಭವ ಇವೆರಡರ ನಡುವಣ ಸಂಬಂಧವನ್ನು ಕುರಿತು 1962ರಲ್ಲಿ ಪ್ರಬಂಧ ಪ್ರಕಟಿಸಿದರು. ಮುಂದೆ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಆರೋಗ್ಯವಂತ ತರುಣನೊಬ್ಬನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 60 ಸಲ, ಸಂಪೂರ್ಣ ದಣಿವಿನಲ್ಲಿ ಸುಮಾರು 200 ಸಲ ಬಡಿಯುತ್ತದೆ. ಎರಡರಿಂದಲೂ ಒಂದೊಂದು ಸೊನ್ನೆ ತೆಗೆದರೆ 6 ಮತ್ತು 20. ಅಂದರೆ ನಡೆಯುತ್ತಿರುವ ತರುಣ 13 ಎಂದು ಹೇಳಿದರೆ ಅವನ ನಾಡಿ 130ರ ಆಸುಪಾಸಿನಲ್ಲಿ ಇರಬೇಕು ಎಂಬುದು ಬೋರ್ಗ್ ಅವರ ಎಣಿಕೆ. ಮುದುಕರಿಗೆ ಈ ಲೆಕ್ಕ ಹೊಂದುವುದಿಲ್ಲ; ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಬೋರ್ಗ್ ಅವರೇ ಇದನ್ನು ಅಕ್ಷರಶಃ ನಂಬಬೇಡಿ ಎಂಬ ಧಾಟಿಯಲ್ಲಿ ಎಚ್ಚರಿಸಿದ್ದರು. ಆದರೂ 1970ರ ಅವರ ಲೇಖನದ ನಂತರ ಈ ಪಟ್ಟಿ ಪ್ರಪಂಚದ ವ್ಯಾಯಾಮಶಾಲೆ, ಆಸ್ಪತ್ರೆಗಳನ್ನೆಲ್ಲ ಹೊಕ್ಕಿತು.

ಅಂಕಿಯ ಪಕ್ಕದಲ್ಲಿ ಪದಗಳಿವೆ. 7ರ ಎದುರು ಅತ್ಯಂತ ಹಗುರ, 9ಕ್ಕೆ ಬಹಳ ಹಗುರ, 11ಕ್ಕೆ ಹಗುರ, 13ಕ್ಕೆ ತುಸು ಕಷ್ಟ, 15ಕ್ಕೆ ಕಷ್ಟ, 17ಕ್ಕೆ ಬಹಳ ಕಷ್ಟ, 19ಕ್ಕೆ ಅತ್ಯಂತ ಕಷ್ಟ. 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಸಾಮಾನ್ಯವಾಗಿ ನಾವು ರೋಗಿಗಳನ್ನು ಮನೆಗೆ ಕಳುಹಿಸುವಾಗ 11ರಿಂದ 13ರ ನಡುವೆ ನಡೆಯಿರಿ ಎಂದು ಹೇಳಿ ಕಳುಹಿಸುತ್ತೇವೆ. ಆ ಒಂದು ಮಾತಿನಲ್ಲಿ ಔಷಧದ ಪ್ರಮಾಣದಷ್ಟೇ ಖಚಿತವಾದ ಸೂಚನೆ ಇದೆ ಎಂಬುದು ನಮ್ಮ ನಂಬಿಕೆ.

ನಾಡಿ ನೋಡುವ ಯಂತ್ರ ಇರುವಾಗ ರೋಗಿಯ ಬಾಯಿಮಾತನ್ನು ಏಕೆ ಕೇಳಬೇಕು ಎಂದು ಓದುಗರು ಕೇಳಬಹುದು. ಹೃದ್ರೋಗಿಗಳಲ್ಲಿ ಬಹುಪಾಲು ಜನ ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆ ನುಂಗುತ್ತಿರುತ್ತಾರೆ. ಅದರ ಕೆಲಸವೇ ಹೃದಯದ ಬಡಿತವನ್ನು ಹಿಡಿದಿಡುವುದು. ಅವರು ಏದುಸಿರು ಬಿಡುತ್ತಿದ್ದರೂ ಯಂತ್ರ 95 ಎಂದೇ ತೋರಿಸಬಹುದು. ಕೆಲವರಿಗೆ ಬಡಿತದ ಲಯವೇ ತಪ್ಪಿರುತ್ತದೆ. ಇಂಥವರಲ್ಲಿ ನಾಡಿಗಿಂತ ನಾಲಗೆಯೇ ಹೆಚ್ಚು ಭರವಸೆಯ ಸಾಧನ. ಕಾಲಿನ ಸ್ನಾಯು, ಶ್ವಾಸಕೋಶ, ಮೈಯ ಬಿಸಿ, ಕೀಲುಗಳು ಇವೆಲ್ಲವುಗಳಿಂದ ಬರುವ ಸುದ್ದಿಯನ್ನು ಒಟ್ಟುಗೂಡಿಸಿ ಒಂದೇ ಅಭಿಪ್ರಾಯ ಹೇಳಬಲ್ಲ ಉಪಕರಣವನ್ನು ಯಾರೂ ಈವರೆಗೆ ಮಾರುಕಟ್ಟೆಗೆ ತಂದಿಲ್ಲ. ಅದು ನಡೆಯುವವನ ತಲೆಯೊಳಗೇ ಇದೆ.

ಅನುಭವವನ್ನು ಅಳೆಯಲು ಹೊರಟವರಲ್ಲಿ ಬೋರ್ಗ್ ಮೊದಲಿಗರೇನೂ ಅಲ್ಲ. ಕೈಯಲ್ಲಿನ ತೂಕಕ್ಕೆ ಎಷ್ಟು ಸೇರಿಸಿದರೆ ಹೆಚ್ಚಾಯಿತೆಂದು ಗೊತ್ತಾಗುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ವೇಬರ್ ಪರೀಕ್ಷಿಸಿದ್ದರು. ಅದರ ಮೇಲೆ ಫೆಕ್ನರ್ 1860ರಲ್ಲಿ ಒಂದು ಶಾಸ್ತ್ರವನ್ನೇ ಕಟ್ಟಿದರು. ಹಾರ್ವರ್ಡ್‌ನ ಎಸ್.ಎಸ್. ಸ್ಟೀವನ್ಸ್ 1950ರ ದಶಕದಲ್ಲಿ, ಜನರನ್ನು ನೇರವಾಗಿ ಕೇಳಿ, ಅವರು ಕೊಟ್ಟ ಅಂಕಿಗಳಿಂದಲೇ ನಿಯಮ ಹೊರಡಿಸಬಹುದೆಂದು ತೋರಿಸಿದರು. ಬೆಳಕು ಇಮ್ಮಡಿಯಾದರೆ ಕಣ್ಣಿಗೆ ಅದು ಸುಮಾರು ಕಾಲುಭಾಗ ಮಾತ್ರ ಹೆಚ್ಚಿದಂತೆ ತೋರುತ್ತದೆ. ದೇಹಶ್ರಮ ಇದಕ್ಕೆ ತದ್ವಿರುದ್ಧ. ಸೈಕಲ್ ತುಳಿಯುವವರ ಮೇಲೆ ಬೋರ್ಗ್ ನಡೆಸಿದ ಪ್ರಯೋಗಗಳಿಂದ ಹೊರಟ ಲೆಕ್ಕದಂತೆ ಪೆಡಲಿನ ಹೊರೆ ಇಮ್ಮಡಿಯಾದರೆ ಅನುಭವದ ಹೊರೆ ಸುಮಾರು ಮೂರು ಪಟ್ಟಾಗುತ್ತದೆ. ಹತ್ತು ಕಿಲೋ ಹೊರುವವನ ಮೇಲೆ ಇನ್ನು ಹತ್ತು ಹೇರುವ ಯಜಮಾನನಿಗೆ ಕಾಣುವುದು ಎರಡು ಪಟ್ಟು. ಹೊರುವವನ ಲೆಕ್ಕವೇ ಬೇರೆ.

ಇಷ್ಟೆಲ್ಲ ಸರಿ. ನನ್ನ ತೊಂದರೆ ಆರಂಭವಾಗುವುದು ಕನ್ನಡದಲ್ಲಿ.

ಪಟ್ಟಿಯಲ್ಲಿ ನಾವು ಬಳಸಿರುವ ‘ಕಷ್ಟ’ ಎಂಬ ಪದವನ್ನೇ ನೋಡಿ. ರಾಮನಗರದ ಕಡೆಯ ಒಬ್ಬ ಹಿರಿಯ ಹೆಂಗಸು, ಐದು ನಿಮಿಷ ನಡೆದ ಮೇಲೆ, ‘ಎಷ್ಟು ಕಷ್ಟ ಆಗ್ತಿದೆ ಅಮ್ಮ?’ ಎಂದು ನಾನು ಕೇಳಿದ್ದಕ್ಕೆ, ‘ಕಷ್ಟ ಯಾರಿಗಿಲ್ಲ ಹೇಳು ತಾಯಿ’ ಎಂದು ಮೊದಲುಮಾಡಿ, ಎರಡನೆಯ ಮಗ ಬೇರೆ ಮನೆ ಮಾಡಿದ್ದನ್ನೂ ರೇಷ್ಮೆಗೂಡಿನ ಬೆಲೆ ಬಿದ್ದದ್ದನ್ನೂ ವಿವರವಾಗಿ ಹೇಳಿದರು. ನಡಿಗೆ ನಿಲ್ಲಿಸಲಿಲ್ಲ. ನನ್ನ ಕಾಗದದಲ್ಲಿ ಅಂಕಿಯ ಜಾಗ ಖಾಲಿ ಉಳಿಯಿತು. ಇಂಗ್ಲಿಷಿನಲ್ಲಿ ಗಟ್ಟಿ ಎಂಬುದಕ್ಕೂ ಕಠಿಣ ಎಂಬುದಕ್ಕೂ ಒಂದೇ ಪದವಿದ್ದು, ಅದು ದೇಹದ ಮಾತಾಗಿ ಕೇಳಿಸುತ್ತದೆ. ನಮ್ಮಲ್ಲಿ ಕಷ್ಟವೆಂದರೆ ಬದುಕು.

‘ತುಸು ಕಷ್ಟ’ದ ಪಾಡು ಇನ್ನೂ ಕೆಟ್ಟದ್ದು. ಆಡುಮಾತಿನಲ್ಲಿ ಅದು ‘ಸ್ವಲ್ಪ ಕಷ್ಟ’ ಆಗುತ್ತದೆ. ಸರ್ಕಾರಿ ಕಚೇರಿಯ ಗುಮಾಸ್ತರು ‘ಸ್ವಲ್ಪ ಕಷ್ಟ ಆಗುತ್ತೆ ಸಾರ್’ ಎಂದರೆ ಆ ಕೆಲಸ ಈ ಜನ್ಮದಲ್ಲಿ ಆಗದು ಎಂಬುದು ನಾಡಿನ ಜನರಿಗೆಲ್ಲ ಗೊತ್ತು. ಬೋರ್ಗ್ ಅವರ ಪಟ್ಟಿಯಲ್ಲಿ ಮಧ್ಯಕ್ಕೆ ಇರಬೇಕಾದ 13, ನಮ್ಮ ಸೌಜನ್ಯದ ಭಾಷೆಯಲ್ಲಿ ಕೊನೆಯ ಮೆಟ್ಟಿಲಾಗಿಬಿಡುತ್ತದೆ. ಅಂಥವರು 13 ಎಂದ ಕೂಡಲೇ ಯಂತ್ರವನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಹೊಸದಾಗಿ ಸೇರಿದ ನನ್ನ ಕಿರಿಯ ಸಹೋದ್ಯೋಗಿಗಳು ಗಲಿಬಿಲಿಗೊಳ್ಳುವುದುಂಟು.

ಹಾಗಾದರೆ ಯಾವ ಪದ? ‘ಆಯಾಸ’ ಪುಸ್ತಕದ ಮಾತು; ಓದಿದವರಿಗೆ ಸಲೀಸು. ‘ಸುಸ್ತು’ ಎಲ್ಲರ ಬಾಯಲ್ಲೂ ಇದೆ, ಆದರೆ ಜ್ವರ ಬಂದರೂ ಸುಸ್ತು, ಉಪವಾಸವಿದ್ದರೂ ಸುಸ್ತು, ಬೇಸರವಾದರೂ ಸುಸ್ತು. ಧಾರವಾಡ, ವಿಜಯಪುರದ ಕಡೆಯವರು ‘ತ್ರಾಸ ಆಗ್ತದ’ ಎನ್ನುತ್ತಾರೆ. ಅದರಲ್ಲಿ ನೋವು, ಉಪದ್ರವ ಎಲ್ಲವೂ ಸೇರಿಕೊಂಡಿದೆ. ನನಗೆ ಹಿಡಿಸಿರುವ ಪದ ‘ದಣಿವು’. ಅದು ದುಡಿಮೆಯಿಂದಲೇ ಬರುವಂಥದು, ನಿಂತರೆ ಆರುವಂಥದು. ದಣಿವಾರಿಸಿಕೊಳ್ಳುವುದು ಎಂಬ ಪ್ರಯೋಗವೇ ನಮ್ಮಲ್ಲಿದೆ. ಆದರೆ ಬೆಂಗಳೂರಿನಲ್ಲಿ ಬೆಳೆದ ಮೂವತ್ತರ ತರುಣನಿಗೆ ದಣಿವು ಎಂದರೆ ಭಾವಗೀತೆಯ ಮಾತಿನಂತೆ ಕೇಳಿಸುತ್ತದೆ; ಅವನಿಗೆ ‘ಟಯರ್ಡ್’ ಎಂದೇ ಹೇಳಬೇಕು. ಉಸಿರಿನ ತೊಂದರೆಯನ್ನು ಬೇರೆಯಾಗಿಯೇ ಕೇಳಬೇಕು: ಮೇಲುಸಿರು ಬರುತ್ತಿದೆಯೇ, ದಮ್ಮು ಕಟ್ಟುತ್ತಿದೆಯೇ ಎಂದು. ಇದಕ್ಕಾಗಿ ಬೋರ್ಗ್ 1982ರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಇನ್ನೊಂದು ಪಟ್ಟಿಯನ್ನು ಕೊಟ್ಟರು. ಶ್ವಾಸಕೋಶದ ರೋಗಿಗಳನ್ನು ಮೂವತ್ತು ಮೀಟರ್ ಉದ್ದದ ಹಾದಿಯಲ್ಲಿ ಆರು ನಿಮಿಷ ನಡೆಸುವ ಪರೀಕ್ಷೆಯ ಮೊದಲು ಮತ್ತು ಕೊನೆಯಲ್ಲಿ ಇಂದು ಕೇಳುವುದು ಆ ಅಂಕಿಯನ್ನೇ.

ರಾಮನಗರದ ಆ ತಾಯಿಯ ಉತ್ತರ ಅಸಂಬದ್ಧವೆಂದು ಯಾರಿಗಾದರೂ ಅನ್ನಿಸಬಹುದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಸಾಮ್ಯುಯೆಲ್ ಮಾರ್ಕೋರಾ ಮತ್ತು ಅವರ ಸಂಗಡಿಗರು ಹದಿನಾರು ಜನರನ್ನು ಒಂದು ದಿನ 90 ನಿಮಿಷ ಗಣಕದ ಮುಂದೆ ಕೂರಿಸಿ, ಒಂದೇ ಸಮನೆ ಗಮನ ಬೇಡುವ ಕೆಲಸ ಮಾಡಿಸಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಕೊನೆಗೆ ಒಂದೇ ಹೊರೆಯ ಸೈಕಲನ್ನು, ಆಗುವುದಿಲ್ಲ ಎನ್ನುವವರೆಗೆ ತುಳಿಸಿದರು. ಚಿತ್ರ ನೋಡಿ ಬಂದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ನಿಲ್ಲಿಸಿದರು. ಹೃದಯ, ಉಸಿರಾಟಗಳಲ್ಲಿ ಇದನ್ನು ವಿವರಿಸುವಂಥ ವ್ಯತ್ಯಾಸ ಸಿಗಲಿಲ್ಲ. ಬದಲಾಗಿದ್ದದ್ದು ಅವರು ಕೊಟ್ಟ ಅಂಕಿ ಮಾತ್ರ: ದಣಿದ ಮನಸ್ಸಿಗೆ ಅದೇ ಪೆಡಲು ಹೆಚ್ಚು ಭಾರವಾಗಿತ್ತು. ಮಗನ ಚಿಂತೆ, ಗೂಡಿನ ಬೆಲೆಯ ಚಿಂತೆ ಹೊತ್ತು ಟ್ರೆಡ್‌ಮಿಲ್ ಹತ್ತಿದವರ ಕಾಲು ಭಾರವಾಗಿದ್ದರೆ ಅದು ಕಲ್ಪನೆಯ ಭಾರವಲ್ಲ. ನಮ್ಮ ಭಾಷೆ ದೇಹದ ಕಷ್ಟವನ್ನೂ ಬದುಕಿನ ಕಷ್ಟವನ್ನೂ ಒಂದೇ ಪದದಲ್ಲಿ ಕಟ್ಟಿರುವುದು ವಿಜ್ಞಾನಕ್ಕೆ ಅನಾನುಕೂಲ, ಸತ್ಯಕ್ಕೆ ಅಷ್ಟೇನೂ ದೂರವಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ಕಾರ್ಯಭಾರದ ಅಳತೆ ಈ ಎಳೆಗಳನ್ನು ಬಿಡಿಸಿಯೇ ಕೇಳುತ್ತದೆ: ಬುದ್ಧಿಯ ಹೊರೆ ಎಷ್ಟು, ದೇಹದ ಹೊರೆ ಎಷ್ಟು, ಸಮಯದ ಒತ್ತಡ ಎಷ್ಟು, ಕೆಲಸ ಎಷ್ಟು ಚೆನ್ನಾಗಿ ಆಯಿತು, ಎಷ್ಟು ಪ್ರಯಾಸಪಟ್ಟಿರಿ, ಎಷ್ಟು ಹತಾಶೆಯಾಯಿತು ಎಂದು. ವಿಮಾನ ನಡೆಸುವವರಿಗೆ ಆರು ಪ್ರಶ್ನೆಗಳು. ನಮ್ಮ ರೋಗಿಗಳಿಗೆ ಒಂದೇ.

ಪದ ಸರಿಯಾದರೂ ಉತ್ತರ ಸರಿಯಾಗಿರುತ್ತದೆಯೇ? ಕನ್ನಡಿಗರ ರಾಷ್ಟ್ರೀಯ ಉತ್ತರ ‘ಪರವಾಗಿಲ್ಲ’. ಬೆವರು ಹಣೆಯಿಂದ ಇಳಿಯುತ್ತಿದೆ, ಮಾತು ತುಂಡಾಗುತ್ತಿದೆ, ಆದರೂ ನಿವೃತ್ತ ಸೈನಿಕರೊಬ್ಬರು ‘9 ಬರೆದುಕೊಳ್ಳಿ ಮೇಡಂ’ ಎಂದು ಆಜ್ಞೆ ಮಾಡುತ್ತಾರೆ. ಹೆಂಗಸೊಬ್ಬಳು ಎದುರಿಗೆ ಕಾಗದ ಹಿಡಿದು ನಿಂತಿರುವಾಗ 15 ಎನ್ನುವುದು ಹೇಗೆ? ಇದು ನಮ್ಮೊಬ್ಬರ ದೌರ್ಬಲ್ಯವಲ್ಲ. 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲೂ, ಪ್ರಯೋಗ ನಡೆಸುವವರು ಮಹಿಳೆಯಾಗಿದ್ದಾಗ ಪುರುಷರು ತಮ್ಮ ದಣಿವನ್ನು ಕಡಿಮೆ ಮಾಡಿ ಹೇಳಿದ್ದು ಕಂಡುಬಂದಿತ್ತು. ಇನ್ನೊಂದು ತುದಿಯಲ್ಲಿ, ಶಸ್ತ್ರಚಿಕಿತ್ಸೆಯ ಹೆದರಿಕೆ ಇನ್ನೂ ಆರದವರು ಎರಡು ಹೆಜ್ಜೆ ಇಡುವಷ್ಟರಲ್ಲಿ 17 ಎನ್ನುತ್ತಾರೆ. ಅಂಥವರಿಗೆ ನಾನು ‘ನಿಮ್ಮ ಅಂಕಿ ತಪ್ಪು’ ಎಂದು ಹೇಳುವುದಿಲ್ಲ. ಅದು ಭಯದ ಅಂಕಿ; ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಸೈನಿಕರ 9 ಮಾತ್ರ ನನ್ನನ್ನು ನಿಜವಾಗಿ ಹೆದರಿಸುತ್ತದೆ. ಅದನ್ನು ನಂಬಿ ವೇಗ ಹೆಚ್ಚಿಸಿದರೆ ಆಗುವ ಅನಾಹುತ ಅಂಕಿಯದಲ್ಲ, ಹೃದಯದ್ದು.

ಆದ್ದರಿಂದ ನಾವು ಸುಮ್ಮನೆ ಮಾತಿಗೆಳೆಯುತ್ತೇವೆ. ‘ಸಾರ್, ನಿಮ್ಮ ರೆಜಿಮೆಂಟ್ ಯಾವ ಊರಲ್ಲಿತ್ತು?’ ಪೂರ್ತಿ ವಾಕ್ಯವೊಂದನ್ನು ಉಸಿರು ಕತ್ತರಿಸದೆ ಹೇಳಿದರೆ 13ರ ಒಳಗೆ ಇದ್ದಾರೆ ಎಂದು ಲೆಕ್ಕ. ಎರಡೆರಡು ಪದಕ್ಕೆ ನಿಂತರೆ ಅವರು ಹೇಳಿದ ಅಂಕಿಯನ್ನು ಪಕ್ಕಕ್ಕಿಟ್ಟು ವೇಗ ಇಳಿಸುತ್ತೇವೆ. ಅನುಭವದ ಅಂಕಿ ಮತ್ತು ಹೃದಯದ ಬಡಿತ ಎಷ್ಟು ಹೊಂದುತ್ತವೆ ಎಂಬುದನ್ನು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪರಿಶೀಲಿಸಿದಾಗ ದೊರೆತ ಸಹಸಂಬಂಧ ಸುಮಾರು 0.62. ಪೂರ್ಣ ಹೊಂದಿಕೆಯಿದ್ದರೆ 1 ಬರಬೇಕಿತ್ತು. ಮೊದಮೊದಲು ಹೇಳಿಕೊಂಡಿದ್ದಷ್ಟು ಬಿಗಿಯಾದ ಸಂಬಂಧವಲ್ಲ ಅದು. ನನಗೆ ಇದರಿಂದ ನಿರಾಶೆಯೇನೂ ಆಗಿಲ್ಲ. ಎರಡೂ ಒಂದನ್ನೇ ಹೇಳುವುದಾಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲವಲ್ಲ.

ಕೇಳುವ ಪದ್ಧತಿ ಇಂದು ಎಲ್ಲಿ ನೆಲೆಯೂರಿದೆ ಎಂಬುದು ಗಮನಿಸಬೇಕಾದ ಸಂಗತಿ. ವಾರಕ್ಕೆ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಮಧ್ಯಮ ಎಂದರೆ ಹತ್ತಕ್ಕೆ ಐದೋ ಆರೋ ಎಂದು ವಿವರಿಸಿತು. ಅಂಕ ಕೊಡುವವರು ನಾವೇ. ಕಾರ್ಲ್ ಫಾಸ್ಟರ್ 2001ರಲ್ಲಿ ಇನ್ನೂ ಸುಲಭ ಮಾಡಿದರು: ಅಭ್ಯಾಸ ಮುಗಿದ ಮೇಲೆ ಆಟಗಾರ ಹತ್ತರಲ್ಲಿ ಒಂದು ಅಂಕ ಹೇಳಲಿ, ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ, ಅದೇ ಆ ದಿನದ ಹೊರೆ. ಕ್ರಿಕೆಟ್ ತಂಡಗಳಲ್ಲೂ ವೇಗದ ಬೌಲರುಗಳ ಹೊರೆಯನ್ನು ಲೆಕ್ಕ ಇಡಲು ಇದು ಬಳಕೆಯಲ್ಲಿದೆ. ಕೋಟಿ ಬೆಲೆಯ ಭುಜಕ್ಕೆ ನೋವಾಗಬಾರದಲ್ಲ. ಇನ್ನು ಕೈಗಡಿಯಾರಗಳ ಕಾಲ ಬಂದಿದೆ. ಬೆಳಗಿನ ನಡಿಗೆ ಮುಗಿಸಿ ಬಂದವರೊಬ್ಬರು ಮಣಿಕಟ್ಟನ್ನು ಚಾಚಿ, ‘ನನಗೆ ಎಷ್ಟು ಸುಸ್ತಾಗಿದೆ ಸ್ವಲ್ಪ ನೋಡಿ ಹೇಳಿ’ ಎಂದು ನನ್ನನ್ನೇ ಕೇಳಿದ್ದುಂಟು.

ದುಡಿಮೆಯೇ ಹೊಟ್ಟೆಪಾಡಾಗಿರುವವರನ್ನು ಯಾರಾದರೂ ಕೇಳಿದ್ದಾರೆಯೇ? ಕೇಳಿದ್ದಾರೆ. ಅಮೆರಿಕದ ಲಿಬರ್ಟಿ ಮ್ಯೂಚುವಲ್ ಎಂಬ ವಿಮಾ ಕಂಪೆನಿಯ ಸಂಶೋಧಕ ಸ್ಟೋವರ್ ಸ್ನೂಕ್ ಕಾರ್ಮಿಕರ ಮುಂದೆ ಪೆಟ್ಟಿಗೆ ಮತ್ತು ಸೀಸದ ಗುಂಡುಗಳನ್ನು ಇಟ್ಟರು. ಒಟ್ಟು ತೂಕ ಕಣ್ಣಿಗೆ ತಿಳಿಯದಂತೆ ಪೆಟ್ಟಿಗೆಗೆ ಎರಡು ತಳ ಮಾಡಿಸಿದ್ದರು. ಎಂಟು ಗಂಟೆಯ ಪಾಳಿ ಎಂದು ಭಾವಿಸಿ, ಮಾಡಿದ ಕೆಲಸಕ್ಕೆ ತಕ್ಕಂತೆ ಕೂಲಿ ಸಿಗುತ್ತದೆ ಎಂದು ಕಲ್ಪಿಸಿಕೊಂಡು, ಅತಿಯಾಗಿ ದಣಿಯದೆ, ಮೈ ಕಾಯದೆ, ಏದುಸಿರು ಬಾರದೆ ಎಷ್ಟು ಎತ್ತಬಲ್ಲಿರೋ ಅಷ್ಟಕ್ಕೆ ಗುಂಡು ಹಾಕಿಕೊಳ್ಳಿ, ಹೆಚ್ಚೆನಿಸಿದರೆ ತೆಗೆಯಿರಿ ಎಂಬುದು ಸೂಚನೆ. ಇಲ್ಲಿ ಅಂಕಿಯ ಪಟ್ಟಿ ಇಲ್ಲ. ಕಾರ್ಮಿಕ ಆಯ್ದುಕೊಂಡ ತೂಕವೇ ಉತ್ತರ. 1978 ಮತ್ತು 1991ರಲ್ಲಿ ಇದರ ಕೋಷ್ಟಕಗಳು ಹೊರಬಂದವು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1991ರಲ್ಲಿ ತೂಕ ಎತ್ತುವ ಸೂತ್ರವನ್ನು ಪರಿಷ್ಕರಿಸಿದಾಗ, ಬೆನ್ನುಮೂಳೆ ತಾಳುವ ಒತ್ತಡ ಮತ್ತು ದೇಹ ವ್ಯಯಿಸುವ ಶಕ್ತಿಯ ಜೊತೆಗೆ, ದುಡಿಯುವವರು ತಾವೇ ಒಪ್ಪುವ ಭಾರವನ್ನೂ ಮೂರನೆಯ ಮಾನದಂಡವಾಗಿ ಇಟ್ಟಿತು. ನೂರಕ್ಕೆ 75 ಮಹಿಳೆಯರಿಗೂ 99 ಪುರುಷರಿಗೂ ಒಪ್ಪಿತವಾಗಬೇಕು. ಹಾಗೆ ನಿಂತ ಗರಿಷ್ಠ ಮಿತಿ, ಎಲ್ಲ ಅನುಕೂಲಗಳೂ ಕೂಡಿಬಂದಾಗ, 23 ಕೆ.ಜಿ. ಭಾರ ಮೈಗೆ ಹತ್ತಿರವಿರಬೇಕು, ಮೈ ತಿರುಗಿಸಬಾರದು, ನೆಲದಿಂದ ಎತ್ತಬಾರದು, ಪದೇಪದೇ ಎತ್ತಬಾರದು. ಒಂದೊಂದು ಅನುಕೂಲ ತಪ್ಪಿದಂತೆ ಮಿತಿಯೂ ಇಳಿಯುತ್ತದೆ.

ನಮ್ಮಲ್ಲಿ ಸಿಮೆಂಟಿನ ಚೀಲ 50 ಕೆ.ಜಿ. ನಮ್ಮ ಮನೆಗಳಿಗೆ ಬರುವ ನೀರಿನ ಕ್ಯಾನು 20 ಲೀಟರು, ಅಂದರೆ ಇಪ್ಪತ್ತು ಕಿಲೋಗಿಂತ ಒಂದಿಷ್ಟು ಹೆಚ್ಚು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಹುಡುಗ ಅದನ್ನು ಒಂದು ಹೆಗಲ ಮೇಲಿಟ್ಟು ಹತ್ತುತ್ತಾನೆ; ಒಂದು ಹೆಗಲು, ಓರೆ ಮೈ, ಮೆಟ್ಟಿಲು. ಬಾಗಿಲಲ್ಲಿ ನಾವು ಕೇಳುವುದು ಚಿಲ್ಲರೆ ಇದೆಯೇ ಎಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ, ವಯಸ್ಕ ಪುರುಷನೊಬ್ಬ ಹೊರಬಹುದಾದ ಭಾರ 55 ಕೆ.ಜಿ. ದಾಟಬಾರದೆಂದು ಶಿಫಾರಸು ಮಾಡಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು, ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದು ಎಂದಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮಂಡಿಯ ಅಂಗಳವಾಗಲೀ ಮೆಟ್ಟಿಲುಸಾಲಾಗಲೀ ಹಳೆಯ ಕಾಯ್ದೆಯ ಕಣ್ಣಿಗೆ ಕಾರ್ಖಾನೆಯೇ ಆಗಿರಲಿಲ್ಲ. ಇಷ್ಟಕ್ಕೂ ಇವೆಲ್ಲ ತೂಕದ ಮಾತು. ಹೊರುವವರ ಅಂಕಿಯ ಪ್ರಸ್ತಾಪ ಇವುಗಳಲ್ಲಿ ಇಲ್ಲ.

ನಮ್ಮ ದೇಶದಲ್ಲಿ ಆ ಅಂಕಿಯನ್ನು ಶ್ರದ್ಧೆಯಿಂದ ಕೇಳಿದವರು ಹೆಚ್ಚಾಗಿ ಗೃಹವಿಜ್ಞಾನದ ಅಧ್ಯಾಪಕಿಯರು ಎಂಬುದನ್ನು ಹೇಳಲೇಬೇಕು. ಹೊಲಿಗೆ, ಅಡಿಗೆ ಕಲಿಸುವ ಕಾಲೇಜುಗಳೆಂದು ನಾವು ಹಗುರವಾಗಿ ಕಂಡ ಸಂಸ್ಥೆಗಳಿವು. ಎಂ.ಎ. ವರ್ಗೀಸ್, ಪಿ.ಎನ್. ಸಹಾ, ಎನ್. ಆತ್ರೇಯ ಅವರು 1994ರಲ್ಲಿ ಬೋರ್ಗ್ ಪಟ್ಟಿಯನ್ನು ಭಾರತದ ಮಹಿಳೆಯರ ದುಡಿಮೆಗೆ ಒಗ್ಗಿಸಿ ಐದೇ ಮೆಟ್ಟಿಲಿಗೆ ಇಳಿಸಿದರು: ಬಹಳ ಹಗುರ, ಹಗುರ, ಸಾಧಾರಣ ಭಾರ, ಭಾರ, ಬಹಳ ಭಾರ. ಅಕ್ಷರ ಬಾರದವರೂ ಐದು ಬೆರಳಿನಲ್ಲಿ ಉತ್ತರ ಹೇಳಬಹುದು. ‘ಕಷ್ಟ’ದ ಜಾಗಕ್ಕೆ ‘ಭಾರ’ ಬಂದದ್ದು ನನಗೆ ಬಹಳ ಒಳ್ಳೆಯ ಆಯ್ಕೆಯಾಗಿ ಕಾಣುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿದಂತೆ ಹಲವೆಡೆ ನಾಟಿ, ಕಳೆ, ಕೊಯ್ಲು, ನೀರು ಹೊರುವುದು ಮೊದಲಾದ ಕೆಲಸಗಳ ಅಧ್ಯಯನಕ್ಕೆ ಇಂಥ ಅಳತೆಗಳು ಬಳಕೆಯಾದವು. ಇವುಗಳ ಜೊತೆಗೆ ಇಂಗ್ಲೆಂಡಿನ ಕಾರ್ಲೆಟ್ ಮತ್ತು ಬಿಷಪ್ 1976ರಲ್ಲಿ ಕೊಟ್ಟ ದೇಹದ ನಕ್ಷೆಯನ್ನೂ ಬಳಸುವುದುಂಟು: ಮನುಷ್ಯಾಕೃತಿಯ ಚಿತ್ರ ತೋರಿಸಿ, ಎಲ್ಲಿ ಎಷ್ಟು ನೋಯುತ್ತದೆ ಎಂದು ಕೇಳುವುದು.

ಆದರೆ ಇಲ್ಲಿಯೂ ಒಂದು ಗೋಡೆಯಿದೆ. ನಮ್ಮ ವಿಭಾಗಕ್ಕೆ ಬರುವ ಹಳ್ಳಿಯ ಹೆಂಗಸರಿಗೆ ಕಳೆ ತೆಗೆಯುವುದು ಎಷ್ಟು ಭಾರ ಎಂದು ಕೇಳಿದರೆ ಬರುವ ಉತ್ತರ, ‘ದಿನಾ ಮಾಡೋದೇ ಅಲ್ವಾ.’ ದಿನವೂ ಮಾಡುವುದಕ್ಕೆ ಅಂಕಿ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ನಕ್ಷೆ ತೋರಿಸಿದಾಗ ಮಾತ್ರ ಬೆರಳು ನೇರವಾಗಿ ಸೊಂಟಕ್ಕೆ ಹೋಗುತ್ತದೆ, ಅಲ್ಲಿಂದ ಮಂಡಿಗೆ. ಬಾಯಿ ಒಂದು, ಬೆರಳು ಮೂರು ಹೇಳುತ್ತದೆ. ಎರಡನ್ನೂ ಬರೆದುಕೊಳ್ಳುವುದು ಒಳ್ಳೆಯದೆಂದು ನನ್ನ ಅನುಭವ.

ಇನ್ನೊಂದು ತೊಡಕು, ಯಾರ ಅಂಕಿಯನ್ನು ಯಾರ ಅಂಕಿಗೆ ಹೋಲಿಸುವುದು ಎಂಬುದು. ಹತ್ತು ಎಂದರೆ ನೀವು ಈವರೆಗೆ ಅನುಭವಿಸಿದ ಅತಿ ಹೆಚ್ಚಿನ ಶ್ರಮ ಎಂದು ವಿವರಿಸುತ್ತೇವೆ. ತಂತ್ರಾಂಶ ಕಂಪೆನಿಯ ನಲವತ್ತರ ವ್ಯವಸ್ಥಾಪಕರಿಗೆ ಆ ಹತ್ತು, ಲಿಫ್ಟ್ ಕೆಟ್ಟ ದಿನ ಒಂಬತ್ತು ಮಹಡಿ ಹತ್ತಿದ್ದು. ಅವರ ಪಕ್ಕದ ಯಂತ್ರದಲ್ಲಿ ನಡೆಯುತ್ತಿದ್ದವರು ಹಾವೇರಿ ಕಡೆಯಿಂದ ಬಂದು ಇಲ್ಲಿನ ಮಂಡಿಯೊಂದರಲ್ಲಿ ಹಮಾಲಿ ಮಾಡುವವರು, ವಯಸ್ಸು ಐವತ್ತು ದಾಟಿದೆ, ಒಂದು ಸ್ಟೆಂಟ್. ಒಂದೇ ವೇಗ, ಒಂದೇ ಏರು. ವ್ಯವಸ್ಥಾಪಕರು 15 ಎಂದರು. ಹಮಾಲರು 7 ಎಂದರು. ‘ಇದೇನ್ ಕೆಲಸರೀ ಮೇಡಂ, ಕೈ ಬೀಸ್ಕೊಂಡ್ ನಡಿಯೂದು.’

ಅವರದು ಸೈನಿಕರ 9ರಂಥದಲ್ಲ; ಮಾತು ಎಲ್ಲೂ ತುಂಡಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಮಾಹಿತಿ: ಚೀಲ ಯಾವಾಗ ಹೊರಬಹುದು? ಕೂಲಿ ಚೀಲದ ಲೆಕ್ಕ. ಸ್ನೂಕ್ ತಮ್ಮ ಕಾರ್ಮಿಕರಿಗೆ ಕಲ್ಪಿಸಿಕೊಳ್ಳಿ ಎಂದು ಹೇಳಿದ್ದನ್ನು ಇವರು ಮೂವತ್ತು ವರ್ಷ ಬಾಳಿದ್ದಾರೆ, ಗುಂಡು ತೆಗೆಯುವ ಸ್ವಾತಂತ್ರ್ಯವೊಂದನ್ನು ಬಿಟ್ಟು. ಪಟ್ಟಿಯನ್ನು ತೋರಿಸಿ, ಲಾರಿಯಿಂದ ಚೀಲ ಇಳಿಸುವಾಗ ಎಷ್ಟು ಎಂದು ಕೇಳಿದೆ. ಮುಂಜಾನೆ 13, ಊಟ ಆದಮೇಲೆ 17, ಕೊನೆಯ ಲಾರಿಗೆ 19 ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಹಗುರ, ಕಷ್ಟ ಎಂಬ ಪದಗಳ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ. ನಾನು ಕಂಡ ಅತ್ಯಂತ ನಿಖರವಾದ ಉತ್ತರಗಳಲ್ಲಿ ಅದೊಂದು.

‘19 ಆದಾಗ ಅಲ್ಲಿ ಯಾರಿಗೆ ಹೇಳ್ತೀರಿ ಯಜಮಾನ್ರೇ?’

‘ಹೇಳಿದ್ರ ಆ ಚೀಲ ಮುಂದಿನವ ಹೊರ್ತಾನ್ರೀ. ಕೂಲಿನೂ ಅವಂದ.’

ಮುಕಾದಮನಿಗೆ ತೋರಿಸಲು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿ ಎಂದು ಕೇಳಿದರು. ವೈದ್ಯರೊಡನೆ ಮಾತಾಡಿ ಬರೆದುಕೊಟ್ಟೆ: ಮೂರು ತಿಂಗಳು ಚೀಲ ಹೊರುವಂತಿಲ್ಲ, ಚೀಲ ಹೊಲಿಯುವ, ತೂಕ ಬರೆಯುವ ಕೆಲಸ ಕೊಡಬಹುದು, ಯಾವ ಕೆಲಸದಲ್ಲೇ ಆಗಲಿ ದಣಿವು 13 ದಾಟಿದರೆ ನಿಲ್ಲಿಸಬೇಕು. ಕೊನೆಯ ಸಾಲನ್ನು ಎರಡು ಸಲ ಓದಿಸಿ ಕೇಳಿದರು. ಮುಕಾದಮನಿಗೆ ಇದು ಅರ್ಥವಾಗುತ್ತದೆಯೇ ಎಂದು ನಾನು ಅನುಮಾನಿಸಿದಾಗ, ‘13 ಅಂದ್ರ ಏನಂತ ಅವಂಗ ನಾನ ಹೇಳ್ತೀನ್ರೀ’ ಎಂದು ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು.